ಇಟಲಿಯ ಊಟವೂ ನಮ್ಮ ಮೌನವೂ

ಕಳೆದ ತಿಂಗಳು ನಮ್ಮ ಸಂಘದ ವಾಚನಾಲಯದಲ್ಲಿ ನಡೆದ ಗೋಷ್ಠಿಯಲ್ಲಿ ಪರದೇಶದ ಊಟದ ವಿಷಯವಾಗಿ ಇಬ್ಬರು ಮಿತ್ರರಿಗೆ ವಾದವೇರ್ಪಟ್ಟುದನ್ನು ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಬಲ್ಲರು. ಬೆಂಗಳೂರಿನ ಇಟಲಿ ಮಾದರಿಯ ಭೋಜನಗೃಹಗಳಿಗೆ ಹೋಗುವುದೆಂದರೆ ನಮ್ಮ ಸಂಸ್ಕೃತಿಗೆ ಎಳ್ಳುನೀರು ಬಿಟ್ಟಂತೆಯೇ ಎಂದು ಒಬ್ಬರು ಹೇಳಿದರು. ನಾಗರಿಕತೆಯೆಂಬುದನ್ನು ಅಲ್ಲಿಗೆ ಹೋಗಿಯೇ ಕಲಿಯಬೇಕು, ಮುದ್ದೆಯನ್ನೂ ಗೊಜ್ಜನ್ನೂ ಹಿಡಿದುಕೊಂಡು ಕುಳಿತವರು ಮುಂದೆ ಬರಲಾರರು ಎಂದು ಮತ್ತೊಬ್ಬರು ಹೇಳಿದರು. ನಾನು ಆ ದಿನ ಬಾಯಿ ತೆರೆಯಲಿಲ್ಲ. ಕಾಣದುದನ್ನು ಖಂಡಿಸುವುದೂ ಉಣ್ಣದುದನ್ನು ಹೊಗಳುವುದೂ ನಮಗೆ ಪಾಠಶಾಲೆಯಲ್ಲಿ ಹೇಳಿಕೊಟ್ಟ ಪದ್ಧತಿಯಲ್ಲ; ಪ್ರತ್ಯಕ್ಷವು ದೊರೆಯುವ ಕಡೆ ಅನುಮಾನಕ್ಕೆ ಕೈಹಾಕಬಾರದೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಈಗ ಪ್ರತ್ಯಕ್ಷವೂ ಆಯಿತು. ಆದುದರಿಂದ ಆ ಇಬ್ಬರು ಮಿತ್ರರ ಮತವನ್ನೂ ನಿರಾಕರಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಕಡೆಯಲ್ಲಿ ನಮ್ಮ ಸಂಘದ ಮೇಲೆಯೂ ನನ್ನ ಮೇಲೆಯೂ ಒಂದು ದೂರುಂಟು. ವಾಚಕರು ಅಲ್ಲಿಯವರೆಗೆ ತಾಳ್ಮೆಯಿಂದ ಓದಬೇಕಾಗಿ ಬೇಡುತ್ತೇನೆ.

ಮಗನ ಮನೆಗೆ ಹೋಗಿದ್ದಾಗ ಸೊಸೆಯು, “ಮಾವ, ಒಂದು ಸಲ ಬಂದು ನೋಡಿ. ಹಿಡಿಸದಿದ್ದರೆ ಮನೆಗೆ ಬಂದಮೇಲೆ ಮೊಸರನ್ನ ಕಲಸಿಕೊಡುತ್ತೇನೆ” ಎಂದಳು. ಮೊಸರನ್ನದ ಧೈರ್ಯದ ಮೇಲೆ ಹೊರಟೆನು. ಆ ಭೋಜನಗೃಹಕ್ಕೆ ಅತ್ತ ಅರಮನೆಯ ಠೀವಿಯೂ ಇಲ್ಲ, ಇತ್ತ ಬೀದಿಯ ಸಲಿಗೆಯೂ ಇಲ್ಲ. ಪಂಚೆಯುಟ್ಟು ಬಂದ ಮುದುಕನನ್ನು ಯಾರೂ ತಿರುಗಿ ನೋಡಲಿಲ್ಲ. ಇದು ಸಂತೋಷದ ವಿಷಯ. ದೀಪಗಳು ಮಾತ್ರ ಗರ್ಭಗುಡಿಯ ನಂದಾದೀಪಕ್ಕಿಂತ ಮಂದವಾಗಿದ್ದುವು. ಸಂಗೀತವು ಮಾತನಾಡುವುದಕ್ಕೆ ಎಡೆಗೊಡದಷ್ಟು ಜೋರಾಗಿತ್ತು. ತಟ್ಟೆಗಳ ವಿಸ್ತಾರಕ್ಕೂ ಅವುಗಳಲ್ಲಿದ್ದ ಪದಾರ್ಥದ ಪ್ರಮಾಣಕ್ಕೂ ಇದ್ದ ಸಂಬಂಧವು ಆಕಾಶಕ್ಕೂ ನಕ್ಷತ್ರಕ್ಕೂ ಇರುವ ಸಂಬಂಧದಂತೆ ತೋರಿತು. ಇವೆಲ್ಲ ಸಣ್ಣ ದೋಷಗಳು. ಗುಣವನ್ನೂ ಹೇಳಬೇಕು. ಮೊದಲು ತಂದಿಟ್ಟ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ತಿಂದಾಗ, ಎಣ್ಣೆಯ ಹಸಿರು ಕಹಿಯೂ ರೊಟ್ಟಿಯ ಹುಳಿಯೂ ಸೇರಿ ನಾಲಗೆಗೆ ಹಿತವೇ ಆಯಿತು. ರಿಸೊತ್ತೊ ಎಂಬ ಅನ್ನದಲ್ಲಿ ಕಾಳಿನ ನಡುವೆ ಸ್ವಲ್ಪ ಬಿಗಿ ಉಳಿದಿತ್ತು. ಬೇಯಲಿಲ್ಲವೆಂದು ಮೊದಲು ತಿಳಿದೆನು. ಬಿಸಿಯಾದ ತರಕಾರಿಯ ಸಾರನ್ನು ಸೌಟು ಸೌಟಾಗಿ ಹೊಯ್ಯುತ್ತ, ತಿರುವುತ್ತ, ಬೇಕೆಂದೇ ಆ ಹದದಲ್ಲಿ ಇಳಿಸುತ್ತಾರೆಂದು ಆಮೇಲೆ ತಿಳಿಯಿತು. ಹದವನ್ನು ಬಲ್ಲವನ ಕೈಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದುದು ಊಟಕ್ಕಿಂತ ಮೊದಲು ಕೈಗೆ ಕೊಟ್ಟ ಭೋಜನಪಟ್ಟಿ. ನಾನು ಅದನ್ನು ಒಂದು ಗ್ರಂಥವನ್ನು ಓದುವಂತೆ ಓದಿದೆನು. ಅನ್ನದ ಎದುರಿಗೆ ಅಕ್ಕಿಯ ತಳಿಯ ಹೆಸರು ಕಾರ್ನಾರೋಲಿ ಎಂದಿತ್ತು. ದ್ರಾಕ್ಷಿಯ ಕಾಡಿಯ ಎದುರಿಗೆ ಮೋದೆನಾ ಎಂಬ ಊರಿನ ಹೆಸರಿತ್ತು. ಆ ಊರಿನ ಸಾಂಪ್ರದಾಯಿಕ ಕಾಡಿಯು ಕಾಯಿಸಿದ ದ್ರಾಕ್ಷಾರಸದಿಂದಾದುದು. ಮರದ ಪೀಪಾಯಿಗಳಲ್ಲಿ ಕಡಮೆಯೆಂದರೆ 12 ವರ್ಷ ಕಾದಮೇಲೆಯೇ ಅದಕ್ಕೆ ಆ ಹೆಸರು ಸಲ್ಲುತ್ತದೆ. ಚೀಸಿನ ಎದುರಿಗೆ ಪಾರ್ಮಿಜಾನೊ ರೆಜ್ಜಾನೊ ಎಂದಿತ್ತು. ಪಾರ್ಮ, ರೆಜ್ಜೊ ಎಮಿಲಿಯ, ಮೋದೆನಾ ಪ್ರಾಂತಗಳಲ್ಲಿಯೂ, ಬೊಲೊನ್ಯ ಮತ್ತು ಮಾಂತುವ ಪ್ರಾಂತಗಳ ಗೊತ್ತಾದ ಭಾಗಗಳಲ್ಲಿಯೂ ಮಾಡಿ, 12 ತಿಂಗಳಿಗೆ ಕಡಮೆಯಿಲ್ಲದಂತೆ ಹಳತಾಗಿಸಿದುದಕ್ಕೆ ಹೊರತು ಆ ಹೆಸರನ್ನು ಇಡಲು ಯುರೋಪಿನ ಕಾನೂನು ಅವಕಾಶ ಕೊಡುವುದಿಲ್ಲ. ಹೀಗೆ ಒಂದೊಂದು ಪದಾರ್ಥಕ್ಕೂ ಹೆಸರುಂಟು, ಊರುಂಟು, ಕಾಲಮಾನವುಂಟು. ನಮ್ಮವರು ಸಂಕಲ್ಪದಲ್ಲಿ ದೇಶಕಾಲಗಳನ್ನೂ ಗೋತ್ರವನ್ನೂ ಹೇಳುವಂತೆ ಇವರು ಅಡುಗೆಯಲ್ಲಿ ಹೇಳುತ್ತಾರೆ.

ಈ ಪಟ್ಟಿಯಲ್ಲಿಯೇ ಒಂದು ದೋಷವನ್ನೂ ಕಂಡೆನು. ಆ ಚೀಸಿನ ಹೆಸರಿನ ಪಕ್ಕದಲ್ಲಿ ಸಸ್ಯಾಹಾರವೆಂದು ಸೂಚಿಸುವ ಹಸುರು ಚುಕ್ಕೆಯಿತ್ತು. ಆ ಚೀಸನ್ನು ಮಾಡುವ ಕಟ್ಟಳೆಯಂತೆ ಹಾಲನ್ನು ಒಡೆಯುವುದು ಎಳಗರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಬೇರೆ ಹೆಪ್ಪನ್ನು ಹಾಕಿದರೆ ಅದು ಆ ಹೆಸರನ್ನು ಕಳೆದುಕೊಳ್ಳುತ್ತದೆ. ಹಾಗಾದರೆ ಹೆಸರು ನಿಜವಾದಲ್ಲಿ ಚುಕ್ಕೆಯು ಸುಳ್ಳು; ಚುಕ್ಕೆಯು ನಿಜವಾದಲ್ಲಿ ಹೆಸರು ಸುಳ್ಳು. ತರ್ಕಶಾಸ್ತ್ರದಲ್ಲಿ ಇದನ್ನು ವದತೋವ್ಯಾಘಾತವೆನ್ನುತ್ತಾರೆ. ಬಡಿಸುವ ಹುಡುಗನನ್ನು ಕೇಳಿದೆನು. ಅವನು ಒಳಕ್ಕೆ ಹೋಗಿ ಅಡುಗೆಯ ಮುಖ್ಯಸ್ಥನನ್ನೇ ಕರೆತಂದನು. ಆತನು ಸ್ವಲ್ಪ ಸಂಕೋಚದಿಂದ, “ಸ್ವಾಮಿ, ಇದು ಇಲ್ಲಿಯೇ ಮಾಡಿದ ಚೀಸು, ಕರುವಿನ ಹೆಪ್ಪು ಹಾಕಿಲ್ಲ. ಆ ಹೆಸರು ಬರೆದರೆ ಬರುವವರಿಗೆ ಒಪ್ಪುತ್ತದೆ” ಎಂದು ನಿಜವನ್ನು ಹೇಳಿದನು. ಅಂತೂ ಆ ರಾತ್ರಿ ನನ್ನ ವ್ರತವನ್ನು ಕಾಪಾಡಿದುದು ಅವರ ಸುಳ್ಳು! ಆ ಭೋಜನಗೃಹದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪರಸ್ಥಳದ ಒಂದು ಹೆಸರಿಗೆ ಎಷ್ಟು ಬೆಲೆಯಿದೆಯೆಂದರೆ, ವಸ್ತುವಿಲ್ಲದಿದ್ದರೂ ಹೆಸರನ್ನು ಕದ್ದು ತಂದು ಮಾರುತ್ತಾರೆ ಎಂಬಷ್ಟನ್ನೇ ವಾಚಕರು ನೆನಪಿಟ್ಟುಕೊಂಡರೆ ಸಾಕು.

ಇನ್ನು ಮೊದಲನೆಯ ಮಿತ್ರರ ಪಕ್ಷವನ್ನು ವಿಚಾರಿಸೋಣ. ಪರದೇಶದ ಆಹಾರವು ಬಂದರೆ ಸ್ವದೇಶದ ಸಂಸ್ಕೃತಿಯು ಕೆಡುತ್ತದೆಂಬುದು ಅವರ ಪ್ರತಿಜ್ಞೆ. ಈ ಪ್ರತಿಜ್ಞೆಯು ನಿಜವಾದರೆ ಇಟಲಿಯವರ ಸಂಸ್ಕೃತಿಯು ಎಂದೋ ಕೆಡಬೇಕಾಗಿತ್ತು. ಅವರ ಅಡುಗೆಗೆ ಕೆಂಪು ಬಣ್ಣವನ್ನು ಕೊಟ್ಟ ಟೊಮೇಟೊ ಹಣ್ಣು ಅಮೆರಿಕ ಖಂಡದ್ದು. 1692ರಲ್ಲಿ ನೇಪಲ್ಸಿನಲ್ಲಿ ಅಚ್ಚಾದ ಆಂತೋನಿಯೊ ಲತೀನಿಯ ಪಾಕಗ್ರಂಥದಲ್ಲಿ ಈ ಹಣ್ಣಿನ ಗೊಜ್ಜು ‘ಸ್ಪೇನಿನ ರೀತಿಯದು’ ಎಂಬ ಹಣೆಪಟ್ಟಿಯೊಡನೆ ಬರುತ್ತದೆ. ಅಂದರೆ ಅವರಿಗೂ ಅದು ಅಂದು ಪರದೇಶದ ಊಟವೇ. ಪೊಲೆಂತ ಎಂಬ ಅವರ ಹಿಟ್ಟಿನ ಅಡುಗೆಗೆ ಈಗ ಹಾಕುವ ಮೆಕ್ಕೆಜೋಳವೂ ಅದೇ ಖಂಡದಿಂದ ಬಂದಿತು. ನಮ್ಮ ಮನೆಯನ್ನೇ ನೋಡೋಣ. ಮಿತ್ರರು ನಿತ್ಯವೂ ಸವಿಯುವ ಸಾರಿನಲ್ಲಿ ಒಣಮೆಣಸಿನಕಾಯಿಯುಂಟು, ಟೊಮೇಟೊ ಉಂಟು, ಪಲ್ಯದಲ್ಲಿ ಆಲೂಗೆಡ್ಡೆಯುಂಟು. ಇವು ಮೂರೂ ಅಮೆರಿಕ ಖಂಡದವು; ಪೋರ್ಚುಗೀಸರು 1498ರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದಮೇಲೆ ಐರೋಪ್ಯರ ಹಡಗುಗಳಲ್ಲಿ ಇಲ್ಲಿಗೆ ಬಂದುವು. ಅದಕ್ಕಿಂತ ಮೊದಲು ನಮ್ಮ ಹಿರಿಯರಿಗೆ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಬ್ಯಾಡಗಿಯ ಮೆಣಸಿನಕಾಯಿಯನ್ನು ಸ್ವದೇಶಿಯೆಂದು ಒಪ್ಪಿ ಇಟಲಿಯ ಶ್ಯಾವಿಗೆಯನ್ನು ಮ್ಲೇಚ್ಛವೆಂದು ತಳ್ಳುವುದು ಅರ್ಧಜರತೀಯನ್ಯಾಯವಾಗುತ್ತದೆ. ಬಂದ ಪದಾರ್ಥವನ್ನು ನಮ್ಮದಾಗಿ ಮಾಡಿಕೊಳ್ಳುವ ಜೀರ್ಣಶಕ್ತಿಯಿದ್ದ ಕಾಲದಲ್ಲಿ ನಮ್ಮ ಅಡುಗೆಯು ಬೆಳೆಯಿತು. ಬಾಗಿಲು ಮುಚ್ಚಿ ಕುಳಿತು ಯಾವ ಅಡುಗೆಮನೆಯೂ ದೊಡ್ಡದಾದುದನ್ನು ನಾನು ಕೇಳಿಲ್ಲ.

ಎರಡನೆಯ ಮಿತ್ರರ ಪಕ್ಷವು ಇದಕ್ಕಿಂತ ಅಪಾಯಕರವಾದುದು. ಏಕೆಂದರೆ ಅದು ನಾಚಿಕೆಯನ್ನು ಕಲಿಸುತ್ತದೆ. ಮುದ್ದೆಯು ಕೂಲಿಯವರ ಊಟ, ಇಟಲಿಯದು ನಾಗರಿಕರ ಊಟ ಎಂದು ಅವರ ಭಾವನೆ. ನಾನು ಕುಳಿತಿದ್ದ ಭೋಜನಗೃಹದ ಪಟ್ಟಿಯಲ್ಲಿ ಮೇಲೆ ಹೇಳಿದ ಪೊಲೆಂತವೂ ಇತ್ತು. ಬೆಲೆ 650 ರೂಪಾಯಿ. ಅದೇನು? ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಿಂದ ತಿರುವಿ ತಿರುವಿ ಗಟ್ಟಿಮಾಡಿದುದು. ನಮ್ಮ ಹೆಣ್ಣುಮಕ್ಕಳು ರಾಗಿಹಿಟ್ಟನ್ನು ಮುದ್ದೆಕೋಲಿನಿಂದ ತೊಳಸುವುದನ್ನು ಕಂಡ ಯಾರಿಗಾದರೂ ಇದರ ಬಂಧುತ್ವವು ತಿಳಿದೇ ತಿಳಿಯುತ್ತದೆ. ಉತ್ತರ ಇಟಲಿಯ ಬಡ ರೈತರು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಬೇರೇನೂ ಸಿಕ್ಕದೆ ಇದೊಂದನ್ನೇ ತಿಂದು ಪೆಲ್ಲಾಗ್ರ ಎಂಬ ಭಯಂಕರ ವ್ಯಾಧಿಗೆ ತುತ್ತಾದರು. ಅಂತಹ ದಾರಿದ್ರ್ಯದ ಊಟವನ್ನೂ ಇಟಲಿಯವರು ಬಚ್ಚಿಡಲಿಲ್ಲ. ಅದಕ್ಕೆ ಬೆಣ್ಣೆ ಚೀಸುಗಳ ಸಹವಾಸವನ್ನು ಕೊಟ್ಟು ಎಲೆಯ ಮೇಲೆ ಗೌರವದ ಸ್ಥಾನದಲ್ಲಿ ಇಟ್ಟರು. ನಮ್ಮ ರಾಗಿಯಾದರೋ ಪುಷ್ಟಿಯಲ್ಲಿ ಮೆಕ್ಕೆಜೋಳಕ್ಕೆ ಸೋಲುವ ಧಾನ್ಯವಲ್ಲ. ಆದರೂ ನಂಟರು ಬಂದ ದಿನ ಮುದ್ದೆಯ ಪಾತ್ರೆಯನ್ನು ಒಳಗೆ ಸರಿಸುವ ಮನೆಗಳನ್ನು ನಾನು ನೋಡಿದ್ದೇನೆ.

ನಾಗರಿಕರಾಗಬೇಕಾದರೆ ತಾಯ್ನಾಡಿನ ಊಟವನ್ನು ಬಿಡಬೇಕೆಂಬ ವಾದವು ಇಟಲಿಯಲ್ಲಿಯೂ ಹುಟ್ಟಿತ್ತು. ಮರಿನೆತ್ತಿ ಎಂಬ ಕವಿಯು 1930ರ ಡಿಸೆಂಬರ್ 28ರಂದು ತೂರಿನ್ ನಗರದ ಪತ್ರಿಕೆಯೊಂದರಲ್ಲಿ ಘೋಷಣೆಯನ್ನು ಹೊರಡಿಸಿ, ಪಾಸ್ತವು ಜನರನ್ನು ಜಡರನ್ನಾಗಿಯೂ ನಿರಾಶರನ್ನಾಗಿಯೂ ಮಾಡುತ್ತದೆ, ಅದನ್ನು ನಿರ್ಮೂಲಮಾಡಬೇಕು ಎಂದು ಸಾರಿದನು. ಕವಿಯ ಘೋಷಣೆಯು ಸಾಹಿತ್ಯಚರಿತ್ರೆಯ ಒಂದು ಪುಟಕ್ಕೆ ಸೇರಿತು. ಪಾಸ್ತವು ಲೋಕವನ್ನೇ ಗೆದ್ದಿತು. 2025ರ ಡಿಸೆಂಬರ್ 10ರಂದು ನಮ್ಮ ದೆಹಲಿಯ ಕೆಂಪುಕೋಟೆಯಲ್ಲಿಯೇ ಸೇರಿದ್ದ ಯುನೆಸ್ಕೊ ಸಮಿತಿಯು ಇಟಲಿಯ ಅಡುಗೆಯ ಸಂಪ್ರದಾಯವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಅಧಿವೇಶನದಲ್ಲಿ ನಮ್ಮ ದೀಪಾವಳಿಯೂ ಆ ಪಟ್ಟಿಗೆ ಸೇರಿತೆಂದು ನಾವು ಹಿಗ್ಗಿದೆವು. ಹಿಗ್ಗತಕ್ಕದ್ದೇ. ಆದರೆ ದೀಪಾವಳಿಯ ದಿನ ನಮ್ಮ ಜಿಲ್ಲೆಯ ಒಂದೊಂದು ಸೀಮೆಯಲ್ಲಿಯೂ ಮಾಡುವ ಭಕ್ಷ್ಯಗಳಾವುವು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು?

ಇಟಲಿಯವರಿಗೆ ಈ ಮನ್ನಣೆಯು ಎಲ್ಲಿಂದ ಬಂದಿತೆಂಬುದೇ ಈಗ ಮುಖ್ಯವಾದ ಪ್ರಶ್ನೆ. ನಾಲಗೆಯ ರುಚಿಯಿಂದಲೇ ಬಂದಿತೆಂದರೆ ನಾನು ಒಪ್ಪಲಾರೆ. ರುಚಿಯಲ್ಲಿ ನಾವು ಯಾರಿಗೂ ಸಾಲಗಾರರಲ್ಲ. ಅದು ಬರವಣಿಗೆಯಿಂದ ಬಂದಿತು. 1861ರಲ್ಲಿ ಇಟಲಿಯು ಒಂದು ರಾಜ್ಯವಾದಾಗ ಅಲ್ಲಿಯ ಪ್ರಾಂತಗಳವರಿಗೆ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಪೆಲ್ಲೆಗ್ರಿನೊ ಆರ್ತೂಸಿ ಎಂಬ ರೇಷ್ಮೆಯ ವರ್ತಕನು ವ್ಯಾಪಾರದಿಂದ ನಿವೃತ್ತನಾದಮೇಲೆ ಅಡುಗೆಯ ಶಾಸ್ತ್ರವನ್ನು ಕುರಿತು ಒಂದು ಪುಸ್ತಕವನ್ನು ಬರೆದನು. ಪ್ರಕಾಶಕರು ಬೇಡವೆಂದರು. 1891ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಆತನು ಸ್ವಂತ ಹಣದಿಂದ ಅದನ್ನು ಅಚ್ಚುಹಾಕಿಸಿದನು. ಆಗ ಆತನಿಗೆ ಎಪ್ಪತ್ತು ವರ್ಷ ಕಳೆದಿತ್ತು. ಅದರಲ್ಲಿ ಮೊದಲು ಇದ್ದುದು 475 ಪಾಕಗಳು. ಪುಸ್ತಕವನ್ನೋದಿದ ಗೃಹಿಣಿಯರು ಪತ್ರ ಬರೆದರು, ತಪ್ಪು ತಿದ್ದಿದರು, ತಮ್ಮ ಊರಿನ ಪಾಕಗಳನ್ನು ಕಳುಹಿಸಿದರು. ಆತನು 1911ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪಾಕಗಳ ಸಂಖ್ಯೆಯು 790ಕ್ಕೆ ಏರಿತ್ತು. ಸಾಮಾನ್ಯವಾದ ಮನೆಗಳಲ್ಲಿ ರಾಷ್ಟ್ರಭಾಷೆಯನ್ನು ಹರಡುವುದಕ್ಕೆ ಈ ಪಾಕಪುಸ್ತಕವು ಪಂಡಿತರ ಗ್ರಂಥಗಳಿಗಿಂತ ಹೆಚ್ಚಾಗಿ ನೆರವಾಯಿತೆಂದು ಅಲ್ಲಿಯ ವಿದ್ವಾಂಸರು ಹೇಳುತ್ತಾರೆ. ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ತನ್ನ ಮನೆಯಲ್ಲಿ ಅಡುಗೆ ಮಾಡಿದ ಫ್ರಾಂಚೆಸ್ಕೊ ಮತ್ತು ಮರಿಯೆತ್ತಾ ಎಂಬಿಬ್ಬರಿಗೆ ಆತನು ಆ ಪುಸ್ತಕದ ಹಕ್ಕನ್ನೇ ಮರಣಶಾಸನದಲ್ಲಿ ಬರೆದುಕೊಟ್ಟನು. ವಿದ್ಯೆಯನ್ನು ಕೊಟ್ಟವರ ಋಣವನ್ನು ತೀರಿಸುವ ರೀತಿ ಇದು.

ಅಲ್ಲಿಂದ ಮುಂದೆಯೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 1986ರಲ್ಲಿ ರೋಮ್ ನಗರದ ಹಳೆಯ ಚೌಕವೊಂದರಲ್ಲಿ ಅಮೆರಿಕದ ತ್ವರಿತಾಹಾರದ ಅಂಗಡಿಯು ತೆರೆದಾಗ ದೊಡ್ಡ ಕೂಗೆದ್ದಿತು. ಕಾರ್ಲೊ ಪೆಟ್ರಿನಿ ಮೊದಲಾದವರು ಕೂಗಿ ಸುಮ್ಮನಾಗದೆ ‘ನಿಧಾನದ ಆಹಾರ’ವೆಂಬ ಚಳವಳಿಯನ್ನು ಕಟ್ಟಿ, 1989ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಘೋಷಣೆಗೆ ಅನೇಕ ದೇಶಗಳವರ ಒಪ್ಪಿಗೆಯನ್ನು ಪಡೆದರು; ಅಳಿಯುತ್ತಿರುವ ಧಾನ್ಯ, ಹಣ್ಣು, ಪಾಕಗಳ ಪಟ್ಟಿಯನ್ನು ಮಾಡತೊಡಗಿದರು. ನಮ್ಮ ಮೊದಲನೆಯ ಮಿತ್ರರು ಕೂಗಿನ ತನಕ ಬಂದಿದ್ದಾರೆ. ಪಟ್ಟಿಯ ತನಕ ಬರಬೇಕು.

ನಮಗೆ ಈ ವಿದ್ಯೆಯು ಹೊಸದೇ? ಕ್ರಿ. ಶ. 1025ರ ಸುಮಾರಿಗೆ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಕೃಷಿ ವೈದ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಸ್ಥಾನವನ್ನು ಕೊಟ್ಟನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ವಿವರಿಸಿದನು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಬರೆದನು, ‘ಸಮ್ಯಕ್ತ್ವಕೌಮುದಿ’ಯನ್ನು ಬರೆದ ಕೈಯೇ ಇದನ್ನೂ ಬರೆಯಿತು. ಚಕ್ರವರ್ತಿಗೂ ಕವಿಗೂ ಹೀನವೆನಿಸದ ವಿಷಯವು ನಮ್ಮಂತಹ ನಿವೃತ್ತ ಉಪಾಧ್ಯಾಯರಿಗೆ ಎಂದಿನಿಂದ ಹೀನವಾಯಿತು?

ನನಗೆ ಅಂದು ಬಡಿಸಿದ ಹುಡುಗನು ಸಾಗರದ ಕಡೆಯವನು. ಇಟಲಿಯ ಯಾವ ಚೀಸು ಯಾವ ಪ್ರಾಂತದ್ದೆಂಬುದನ್ನು ನಮ್ಮ ಹುಡುಗರು ಅಮರಕೋಶವನ್ನು ಒಪ್ಪಿಸುವಂತೆ ಒಪ್ಪಿಸಿದನು. “ನಿಮ್ಮ ಮನೆಯ ಗದ್ದೆಯಲ್ಲಿ ನಿಮ್ಮ ಅಜ್ಜ ಯಾವ ಭತ್ತ ಬೆಳೆಯುತ್ತಿದ್ದರಪ್ಪ?” ಎಂದೆನು. ಅವನು ನಕ್ಕು, “ಗೊತ್ತಿಲ್ಲ ಸಾರ್, ಯಾರೂ ಹೇಳಿಲ್ಲ” ಎಂದನು. ಅವನ ಮೇಲೆ ನನಗೆ ಕೋಪವಿಲ್ಲ. ಕಾರ್ನಾರೋಲಿಯನ್ನು ಅವನಿಗೆ ಯಾರೋ ಹೇಳಿಕೊಟ್ಟರು, ಕಲಿತನು. ರಾಜಮುಡಿ, ರತ್ನಚೂಡಿ, ಗಂಧಸಾಲೆ, ಕಗ್ಗ ಎಂಬ ಹೆಸರುಗಳನ್ನು ಹೇಳಿಕೊಡಬೇಕಾಗಿದ್ದವರು ನನ್ನಂತಹವರು, ಹೇಳಿಕೊಡಲಿಲ್ಲ. ಇಟಲಿಯ ತೊಸ್ಕಾನ ಸೀಮೆಯವರು ಫಾರ್ರೊ ಎಂಬ ಪುರಾತನ ಗೋಧಿಯನ್ನು ಕಾನೂನಿನ ರಕ್ಷಣೆಯಲ್ಲಿಟ್ಟು ಹೆಮ್ಮೆಯಿಂದ ಮಾರುತ್ತಾರೆ. ಅದೇ ಜಾತಿಯ ಗೋಧಿಯು ನಮ್ಮ ಉತ್ತರ ಕರ್ಣಾಟಕದಲ್ಲಿ ಜವೆಗೋಧಿ, ಖಪ್ಲಿ ಎಂಬ ಹೆಸರುಗಳಿಂದ ತಲೆಮಾರುಗಳಿಂದ ಬೆಳೆಯುತ್ತಿದೆ. ಫಾರ್ರೊವನ್ನು ಬಲ್ಲ ಬೆಂಗಳೂರಿನ ಮೇಜುಗಳಲ್ಲಿ ಜವೆಗೋಧಿಯನ್ನು ಬಲ್ಲವರು ಎಷ್ಟು ಮಂದಿ? ಕಾನೂನು ನಮ್ಮಲ್ಲಿಯೂ ಇಲ್ಲದೆ ಇಲ್ಲ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯಂತೆ ಬ್ಯಾಡಗಿಯ ಮೆಣಸಿನಕಾಯಿ, ಮಟ್ಟುವಿನ ಗುಳ್ಳ, ನಂಜನಗೂಡಿನ ರಸಬಾಳೆ, ಧಾರವಾಡದ ಪೇಡ ಇವಕ್ಕೆಲ್ಲ ರಕ್ಷಣೆ ದೊರೆತಿದೆ. ಆದರೆ ಕಾಗದದ ಮೇಲಣ ರಕ್ಷಣೆಯು ಎಲೆಯ ಮೇಲಕ್ಕೆ ಬಂದಿಲ್ಲ. ನಮ್ಮ ಯಾವ ಖಾನಾವಳಿಯ ಹಲಗೆಯ ಮೇಲಾದರೂ ಇಂದಿನ ಅನ್ನವು ಯಾವ ತಳಿಯ ಅಕ್ಕಿಯದೆಂದು ಬರೆದುದನ್ನು ವಾಚಕರು ಕಂಡಿರುವರೆ? ‘ಊಟ ಸಿದ್ಧವಿದೆ’ ಎಂಬಷ್ಟೇ ನಮ್ಮ ಸಾಹಿತ್ಯ.

ಈಗ ದೂರು. ಮೊದಲು ನನ್ನ ಮೇಲೆ. ನಮ್ಮ ಮನೆಯವರು ಮುಂಗಾರಿನ ಮೊದಲ ಮಳೆಯಾದಮೇಲೆ ಏಳು ಬಗೆಯ ಚಿಗುರುಗಳನ್ನು ಕೊಯ್ದು ತಂದು, ತುಪ್ಪದಲ್ಲಿ ಬಾಡಿಸಿ, ಜೀರಿಗೆ ಕಾಳುಮೆಣಸುಗಳೊಡನೆ ತೆಂಗಿನಕಾಯಿಯಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ ತಂಬುಳಿಯನ್ನು ಮಾಡುತ್ತಿದ್ದರು. ಮೂವತ್ತೆಂಟು ವರ್ಷ ಅದನ್ನು ಉಂಡೆನು. ಉಂಡು ಕೈತೊಳೆದು ಜಗಲಿಗೆ ಬಂದು ಹುಡುಗರಿಗೆ ಶಬ್ದಮಂಜರಿಯನ್ನು ಹೇಳಿಕೊಟ್ಟೆನು. ರಾಮಶಬ್ದದ ಏಳು ವಿಭಕ್ತಿಗಳಲ್ಲಿ ಒಂದು ತಪ್ಪಿದರೆ ಹುಡುಗನನ್ನು ನಿಲ್ಲಿಸುತ್ತಿದ್ದ ನಾನು, ತಂಬುಳಿಯ ಏಳು ಚಿಗುರುಗಳಾವುವೆಂದು ಒಂದು ದಿನವೂ ಕೇಳಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಸೊಸೆಯು ಒಮ್ಮೆ, “ಅತ್ತೆ ಮಾಡುತ್ತಿದ್ದ ತಂಬುಳಿಯನ್ನು ನಾನೂ ಮಾಡುತ್ತೇನೆ, ಹೇಳಿ ಮಾವ” ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವರ ತಂಗಿಯನ್ನು ಕೇಳಿ, ನೆರೆಮನೆಯ ಮುದುಕಿಯನ್ನು ಕೇಳಿ, ಆರನ್ನು ಕೂಡಿಸಿದೆವು. ಏಳನೆಯದು ಸಿಕ್ಕಲಿಲ್ಲ. ಆರರಿಂದ ಮಾಡಿದರೆ ಆ ರುಚಿಯು ಬರುವುದಿಲ್ಲ. ಇದನ್ನು ನಮ್ಮಿಂದ ಇಟಲಿಯವರು ಕಸಿದುಕೊಂಡರೆ? ಯಾವ ಪರದೇಶದ ಭೋಜನಗೃಹವೂ ನಮ್ಮ ಹಿತ್ತಲಿಗೆ ಬಂದು ಆ ಗಿಡವನ್ನು ಕಿತ್ತುಹಾಕಲಿಲ್ಲ. ಗಿಡವು ಇಂದಿಗೂ ಹಿತ್ತಲಿನಲ್ಲಿ ಚಿಗುರುತ್ತಲೇ ಇರಬಹುದು. ಅದರ ಹೆಸರು ಹೋಯಿತು.

ಇನ್ನು ಸಂಘದ ಮೇಲಣ ದೂರು. ಈ ಪತ್ರಿಕೆಯಲ್ಲಿ ಅಲಂಕಾರ, ಛಂದಸ್ಸು, ಶಾಸನಗಳನ್ನು ಕುರಿತು ಎಷ್ಟೋ ಲೇಖನಗಳು ಬಂದಿವೆ. ಕೆಲವನ್ನು ನಾನೇ ಬರೆದಿದ್ದೇನೆ. ರಸಗಳು ಎಂಟೋ ಒಂಬತ್ತೋ ಎಂದು ಪುಟಗಟ್ಟಲೆ ಕಾದಾಡಿದ್ದೇವೆ. ನಾಲಗೆಯ ಆರು ರಸಗಳಿಗೆ ಒಂದು ಪುಟವನ್ನೂ ಕೊಟ್ಟಿಲ್ಲ. ಮುಂದಿನ ಸಂಚಿಕೆಯಿಂದ ತಿಂಗಳಿಗೆ ನಾಲ್ಕು ಪುಟಗಳನ್ನು ಜಿಲ್ಲೆಯ ಪಾಕಗಳಿಗೆ ಮೀಸಲಿಡಬೇಕೆಂದು ನನ್ನ ಬೇಡಿಕೆ. ಪಾಕದ ಹೆಸರು, ಊರು, ಮಾಡುವ ಋತು, ಹಾಕುವ ಸೊಪ್ಪು ಕಾಳುಗಳ ಆಡುಹೆಸರು, ಹೇಳಿದ ತಾಯಿಯ ಹೆಸರು, ಇವು ಐದೂ ಇರಬೇಕು. ತಾಯಂದಿರ ಹೆಸರನ್ನು ಅವರ ಒಪ್ಪಿಗೆಯಿಂದ ಲೇಖಕರ ಹೆಸರಿನಂತೆಯೇ ಅಚ್ಚುಹಾಕಬೇಕು. ಎಲ್ಲ ಜಾತಿ ಮತಗಳವರ ಅಡುಗೆಯೂ ಬರಬೇಕು. ನಮ್ಮ ನಮ್ಮ ಪಂಕ್ತಿಯ ಊಟವನ್ನೇ ಜಿಲ್ಲೆಯ ಊಟವೆಂದು ಬರೆದರೆ ಅದು ಮತ್ತೊಂದು ಸುಳ್ಳು ಹಸುರು ಚುಕ್ಕೆಯಾಗುತ್ತದೆ.

ಇದು ಸಾಹಿತ್ಯವೇ ಎಂದು ಕೇಳುವವರಿಗೆ ಮಂಗರಸನು ಉತ್ತರ ಹೇಳಿದ್ದಾನೆ. ಎಲ್ಲವೂ ಈಗ ಮೊಬೈಲಿನಲ್ಲಿಯೇ ಸಿಕ್ಕುತ್ತದಲ್ಲ ಎಂಬುವವರು ಮನೆಯ ಮುದುಕಿಯಿಂದ ಒಂದು ತಂಬುಳಿಯನ್ನು ಕೇಳಿ ಬರೆದುಕೊಂಡು, ಆಮೇಲೆ ಮೊಬೈಲಿನಲ್ಲಿ ಹುಡುಕಿ ನೋಡಲಿ. ಅಲ್ಲಿ ಸಿಕ್ಕುವುದು ಯಾರದೋ ತಂಬುಳಿ, ಅವರ ಹಿತ್ತಲಿನದಾಗಿರುವುದಿಲ್ಲ. ಬರೆಯುವುದಕ್ಕೆ ಬಿಡುವಿಲ್ಲದವರ ಮನೆಗೆ ನಾನೇ ಕಾಗದ ಲೇಖನಿಗಳನ್ನು ಹಿಡಿದುಕೊಂಡು ಬರುತ್ತೇನೆ. ನನಗೆ ಈಗ ಬೇರೆ ಕೆಲಸವಿಲ್ಲ.

ಮೊದಲನೆಯ ಪಾಕವನ್ನು ಸಂಪಾದಕರಿಗೆ ಈ ಲೇಖನದೊಡನೆಯೇ ಕಳುಹಿಸಿದ್ದೇನೆ. ದಾಳಿಂಬೆ, ಪೇರಲೆ, ನೇರಳೆ, ನೆಲ್ಲಿ, ಕೇಪಳ, ಗೇರು, ಇವುಗಳ ಚಿಗುರನ್ನು ಬರೆದು, ಏಳನೆಯದರ ಸ್ಥಳವನ್ನು ಹಾಗೆಯೇ ಬಿಟ್ಟಿದ್ದೇನೆ. ಮಲೆನಾಡಿನ ಯಾವ ತಾಯಿಗಾದರೂ ಅದು ತಿಳಿದಿದ್ದರೆ ಸಂಘದ ವಿಳಾಸಕ್ಕೆ ದಯವಿಟ್ಟು ಬರೆದು ತಿಳಿಸಬೇಕಾಗಿ ಪ್ರಾರ್ಥನೆ.